ಮುಚ್ಚಳದ ಮೇಲೆ ಬರೆದ ಹೆಸರು

ಆ ದಿನ ಗುರುವಾರ, ನಮ್ಮ ಬೀದಿಗೆ ಕಸದ ಲಾರಿ ಬರುವ ದಿನ. ಐದೂವರೆಗೆ ಎದ್ದೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಎರಡು ಬಿನ್ನುಗಳನ್ನೂ ಡ್ರೈವ್‌ವೇ ತುದಿಗೆ ಎಳೆದು ನಿಲ್ಲಿಸಿ ಬಂದೆ. ಹುಲ್ಲು ತೊಯ್ದಿತ್ತು. ಚಪ್ಪಲಿಯ ಗುರುತು ಅಡುಗೆಮನೆಯ ತನಕ ಮೂಡಿತು. ನಮ್ಮ ಮನೆಯವರಿಗೆ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಅವರು ಪಿಸ್ಕಾಟವೇಯ ಆಫೀಸಿಗೆ ಹೊರಡುವುದು ಏಳಕ್ಕೆ. ಶೂ ಹಾಕಿಕೊಳ್ಳುತ್ತಾ, "ಇವತ್ತಾದರೂ ಅರಳತ್ತೇನೇ ನಿನ್ನ ಹೂವು?" ಎಂದು ಕೇಳಿದರು. ನಿನ್ನೆ ಸಂಜೆಯೇ ಹೆಚ್ಚುಕಡಿಮೆ ಎಲ್ಲ ಗಿಡದ ಮೊಗ್ಗುಗಳೂ ಹಳದಿ ತೋರಿಸಿದ್ದವು ಎಂದೆ. ಚಿತ್ರಾನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅನುಮಾನ ಬಂತು. ಮಧ್ಯಾಹ್ನ ಅವರೇ ಟೆಕ್ಸ್ಟ್ ಮಾಡಿದರು. ಹಾಕಿರಲಿಲ್ಲ.

ನನ್ನ ಮಸೂರವನ್ನು ಹಳೆಯ ಐಡಿ ಕಾರ್ಡಿನ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ನಾನೂ ಹೊರಟೆ. ನರ್ಸರಿಯಲ್ಲಿ ಮೂವತ್ತೊಂದು ಕುಂಡಗಳು ನನಗಾಗಿ ಕಾದಿದ್ದವು. ಅವು ಹೂಬಿಟ್ಟು ತಾವು ಯಾರೆಂದು ಹೇಳಬೇಕಿತ್ತು. ನಾನು ಹೇಳಿದ್ದೇ ನಿಜವಾದರೆ ಒಂದು ಹಳ್ಳದ ದಂಡೆಯ ಹೂವು ಅದೇ ದಂಡೆಗೆ ಮರಳುತ್ತಿತ್ತು. ಸುಳ್ಳಾದರೆ ಆ ಹೂವನ್ನು ಕೈಯಾರೆ ಕಳೆದವಳು ನಾನು ಎಂದಾಗುತ್ತಿತ್ತು.

ನಾನು ನ್ಯೂಜೆರ್ಸಿಯ ಸಮರ್‌ಸೆಟ್ಟಿನ ಒಂದು ಸಣ್ಣ ನರ್ಸರಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಈ ನೆಲದಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡಗಳನ್ನು ಮಾತ್ರ ಬೆಳೆಸಿ ಮಾರುವ ನರ್ಸರಿ. ಈಚೆಗೆ ನಮ್ಮ ಕನ್ನಡ ಕೂಟದ ಇಬ್ಬರು ಹುಡುಗಿಯರು ಇಂಥದ್ದೇ ಕೆಲಸಕ್ಕೆ ಸೇರಿದ್ದಾರೆ. "ಆಂಟಿ, ನಿಜವಾಗಿ ಹೇಗಿರುತ್ತೆ?" ಎಂದು ಕೇಳಿದರು. ಮೊಣಕಾಲು ನೋಯುತ್ತದೆ, ಉಗುರಿನ ಮಣ್ಣು ಹಬ್ಬದ ದಿನವೂ ಹೋಗುವುದಿಲ್ಲ ಎಂದಿಷ್ಟು ಹೇಳಿ ಕಳಿಸಿದ್ದೆ. ಮಿಕ್ಕಿದ್ದನ್ನು ಬರೆಯುತ್ತಿದ್ದೇನೆ.

ಮಗಳು ಮಿಡ್ಲ್ ಸ್ಕೂಲಿಗೆ ಹೋದ ವರ್ಷ ನನಗೆ ಕೆಲಸ ಮಾಡುವ ಪರವಾನಗಿ ಬಂತು. ಅಲ್ಲಿಯತನಕ ಮನೆ, ಅಡುಗೆ, ಕಾರ್‌ಪೂಲ್ ಇಷ್ಟೇ. ನರ್ಸರಿಯ ಒಡತಿ ಕ್ಯಾರಲ್ ನನ್ನನ್ನು ಪರೀಕ್ಷೆ ಮಾಡಿದ್ದು ಒಂದೇ ರೀತಿಯಲ್ಲಿ. ಒಂದು ಟ್ರೇ ಸಸಿ ಕೊಟ್ಟು, ಒಂದೊಂದನ್ನೇ ಬೇರೆ ಕುಂಡಕ್ಕೆ ಹಾಕು ಎಂದರು. ಮೋದಕ ಮಾಡಿದ ಬೆರಳಿಗೆ ಅದೇನು ಕಷ್ಟ? ಬೇರು ಕಡಿಯದ ಹಾಗೆ ಎತ್ತಿ, ಮಣ್ಣನ್ನು ಸುತ್ತ ಒತ್ತಿ ನೆರಿಗೆ ಹಿಡಿದ ಹಾಗೆ ಕೂರಿಸಿದೆ. ಕ್ಯಾರಲ್ ಕನ್ನಡಕದ ಮೇಲಿನಿಂದ ನೋಡಿ, ಸೋಮವಾರ ಬಾ ಎಂದರು. ಕಡಿಮೆ ಮಾತಿನ ಹೆಂಗಸು. ಹೊಗಳಬೇಕು ಅನಿಸಿದಾಗ ತಮ್ಮ ಥರ್ಮಾಸಿನಿಂದ ಒಂದು ಮುಚ್ಚಳ ಕಾಫಿ ಬಗ್ಗಿಸಿ ಕೊಡುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ನನಗೆ ಅಂಥ ಕಾಫಿ ಸಿಕ್ಕಿದ್ದು ಐದು ಸಲ. ಸಕ್ಕರೆ ಇಲ್ಲದ, ಆರಿದ ಕಾಫಿ.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಕಟ್‌ಲೀಫ್ ಕೋನ್‌ಫ್ಲವರ್ ಎಂದು ಒಂದು ಗಿಡವಿದೆ. ತೇವದ ಜಾಗದಲ್ಲಿ, ಹಳ್ಳದ ಅಂಚಿನಲ್ಲಿ ಆಳೆತ್ತರ ಬೆಳೆಯುತ್ತದೆ. ಎಲೆಗೆ ಆಳವಾದ ಸೀಳುಗಳು. ಆಗಸ್ಟಿನಲ್ಲಿ ಹಳದಿ ಹೂವು, ದಳಗಳು ಕೆಳಗೆ ಜೋತುಬಿದ್ದು ನಡುವೆ ಹಸಿರು ಗುಬುಟು ಎದ್ದು ನಿಲ್ಲುತ್ತದೆ. ಚಳಿಗಾಲದಲ್ಲಿ ಮೇಲೆಲ್ಲಾ ಒಣಗಿ ಸತ್ತಂತೆ ಕಂಡರೂ ಬೇರು ಬದುಕಿದ್ದು ಪ್ರತಿ ವಸಂತಕ್ಕೂ ಚಿಗುರುತ್ತದೆ. ಆ ಚಿಗುರು ನೋಡುವುದಕ್ಕೆ ಥೇಟ್ ರ‍್ಯಾಗ್‌ವೀಡ್ ಇದ್ದ ಹಾಗೆ. ರ‍್ಯಾಗ್‌ವೀಡ್ ಎಂದರೆ ಅರ್ಧ ನ್ಯೂಜೆರ್ಸಿಗೆ ಸೀನು ಬರಿಸುವ ಕಳೆ. ಆ ಕಳೆಯೇ ಎಂದುಕೊಂಡು ಮಡಿಲಿನ ತುಂಬ ಕಿತ್ತು ತಂದು, ಎಲ್ಲಾ ಕ್ಲೀನ್ ಮಾಡಿದೆ ಎಂದು ಕ್ಯಾರಲ್‌ಗೆ ತೋರಿಸಿದೆ. ಅವರು ಬೈಯಲಿಲ್ಲ. ಒಂದು ಗಿಡ ಎತ್ತಿ ಹಿಡಿದು, ಎಲೆಗಳು ಎಲ್ಲಿ ಕೂತಿವೆ ನೋಡು ಎಂದರು. ರ‍್ಯಾಗ್‌ವೀಡಿನ ಕೆಳಗಿನ ಎಲೆಗಳು ಕಾಂಡದ ಮೇಲೆ ಎದುರುಬದುರು, ಎರಡು ಕೈ ಚಾಚಿದ ಹಾಗೆ. ಕೋನ್‌ಫ್ಲವರಿನವು ಒಂದು ಈ ಕಡೆ, ಸ್ವಲ್ಪ ಮೇಲೆ ಇನ್ನೊಂದು ಆ ಕಡೆ, ಮೆಟ್ಟಿಲು ಹತ್ತಿದ ಹಾಗೆ. ನಾನು ಕಿತ್ತಿದ್ದೆಲ್ಲವೂ ಮೆಟ್ಟಿಲು. ಅವತ್ತು ಸಂಜೆ ಅವನ್ನೆಲ್ಲ ಮತ್ತೆ ನೆಟ್ಟು ನೀರು ಹಾಕಿ ಮನೆಗೆ ಬಂದಾಗ ಮಗಳು, "Amma, you smell like mud," ಎಂದಳು. ಅರ್ಧದಷ್ಟು ಬದುಕಿದವು.

ಅಂದಿನಿಂದ ನೋಟ್‌ಬುಕ್ ಇಟ್ಟೆ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಸಸ್ಯಶಾಸ್ತ್ರ ಹೇಳಿಕೊಟ್ಟವರು ಸಿಸ್ಟರ್ ಬೆನಿಟಾ. ಗಿಡ ನೋಡಿ ಚಿತ್ರ ಬರೆಯಬೇಕು, ಚಿತ್ರ ಮುಗಿದ ಮೇಲೆ ಹೆಸರು ಬರೆಯಬೇಕು. ಮೊದಲೇ ಹೆಸರು ಬರೆದವರಿಗೆ ಎರಡು ಮಾರ್ಕ್ಸ್ ಕಟ್. ಹೆಸರು ಬರೆದ ಮೇಲೆ ಕಣ್ಣು ನಿದ್ದೆ ಹೋಗುತ್ತದೆ ಎನ್ನುತ್ತಿದ್ದರು. ನರ್ಸರಿಯಲ್ಲಿ ಪ್ರತಿ ಟ್ರೇಯಿಂದ ಒಂದು ಸಸಿಯ ಚಿತ್ರ ಬರೆಯುವುದು ನನ್ನ ಅಭ್ಯಾಸವಾಯಿತು. ಈಗಿನವರು ಫೋನ್ ಹಿಡಿದರೆ ಆ್ಯಪ್ ಹೆಸರು ಹೇಳುತ್ತದೆ. ನಾನೂ ಬಳಸಿದ್ದೇನೆ, ಬೇಡ ಅನ್ನುವುದಿಲ್ಲ. ಒಮ್ಮೆ ಗಿರಾಕಿಯೊಬ್ಬರು ಫೋನ್ ಮುಂದೆ ಹಿಡಿದು, ನಿಮ್ಮ ಗಿಡ ತಪ್ಪು, ಇದು ಪಾರ್ಸ್ಲಿ ಎಂಬ ಸೊಪ್ಪಂತೆ ಎಂದು ನನ್ನ ಜೊತೆ ಕಾಲು ಗಂಟೆ ವಾದಿಸಿದರು. ಒಂದು ಎಲೆ ಕಿತ್ತು, ಪಾರ್ಸ್ಲಿ ವಾಸನೆ ಬರುತ್ತದೆಯೇ ಎಂದು ಮೂಸಿ ನೋಡಲು ಕೊಟ್ಟೆ. ಮೂಸಿ, ಸುಮ್ಮನೆ ಎರಡು ಕುಂಡ ಕೊಂಡು ಹೋದರು.

ಇನ್ನು ಆ ಮೂವತ್ತೊಂದು ಕುಂಡಗಳ ಕಥೆ.

ಕ್ರ್ಯಾನ್‌ಬರಿ ಎಂಬ ಊರಿನಲ್ಲಿ, ಹೆದ್ದಾರಿಯ ಎಕ್ಸಿಟ್ ಏಯ್ಟ್ ಎ ಹತ್ತಿರ, ಒಂದು ಹೊಸ ವೇರ್‌ಹೌಸ್ ಬರುವುದಿತ್ತು. ಆ ಜಾಗದ ಅಂಚಿನ ಹಳ್ಳದ ದಂಡೆಯಲ್ಲಿ ಕಟ್‌ಲೀಫ್ ಕೋನ್‌ಫ್ಲವರಿನ ಒಂದು ಹಿಂಡೇ ಇತ್ತು. ಯಾರೂ ನೆಟ್ಟದ್ದಲ್ಲ. ಮಣ್ಣು ಅಗೆಯುವ ಮೊದಲು ಬೀಜ ತೆಗೆದುಕೊಳ್ಳಿ ಎಂದು ಕಟ್ಟುವವರೇ ಒಪ್ಪಿಗೆ ಕೊಟ್ಟರು. ಕೆಲಸ ಮುಗಿದ ಮೇಲೆ ದಂಡೆಗೆ ಮತ್ತೆ ಗಿಡ ಹಾಕಬೇಕು, ಅದೇ ಹಳ್ಳದ ಬೀಜದ್ದಾದರೆ ನಿಮ್ಮಿಂದಲೇ ಕೊಳ್ಳುತ್ತೇವೆ, ಇಲ್ಲದಿದ್ದರೆ ಬೇರೆ ರಾಜ್ಯದಿಂದ ತರಿಸುತ್ತೇವೆ ಎಂದರು. ಅಕ್ಟೋಬರಿನಲ್ಲಿ ಕ್ಯಾರಲ್ ಮತ್ತು ನಾನು ರಬ್ಬರ್ ಬೂಟು ಹಾಕಿಕೊಂಡು ಇಳಿದೆವು. ಎಲ್ಲಾ ಒಣಗಿ ಕಂದಾಗಿತ್ತು. ಗೋಲ್ಡ್‌ಫಿಂಚ್ ಹಕ್ಕಿಗಳು ನಮಗಿಂತ ಮೊದಲೇ ಅರ್ಧ ತಿಂದು ಮುಗಿಸಿದ್ದವು. ಮಿಕ್ಕದ್ದನ್ನು ಬ್ರೌನ್ ಪೇಪರ್ ಚೀಲಕ್ಕೆ ಉದುರಿಸಿಕೊಂಡೆವು. ಮನೆಗೆ ಬಂದು ಕೇರಿದಾಗ ಒಂದು ಹಿಡಿ ಆಯಿತು.

ಈ ಬೀಜಕ್ಕೆ ಚಳಿ ಉಣ್ಣಿಸಬೇಕು. ಒದ್ದೆ ಮರಳಿನಲ್ಲಿ ಕಲಸಿ ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟರೆ, ಚಳಿಗಾಲ ಕಳೆಯಿತು ಎಂದುಕೊಂಡು ಮೊಳೆಯುತ್ತದೆ. ಆ ಡಿಸೆಂಬರಿನಲ್ಲಿ ನರ್ಸರಿಯ ಫ್ರಿಜ್ ಕೆಟ್ಟಿತು. ನಮ್ಮ ಮನೆಯಲ್ಲಿ ಇಡುತ್ತೇನೆ ಎಂದು ನಾನೇ ಮುಂದೆ ಬಿದ್ದೆ. ಎರಡು ಮೊಸರಿನ ಡಬ್ಬಿ ತೊಳೆದು, ಒಂದರಲ್ಲಿ ಕ್ರ್ಯಾನ್‌ಬರಿಯ ಬೀಜ, ಇನ್ನೊಂದರಲ್ಲಿ ಬ್ರೌನ್-ಐಡ್ ಸೂಸನ್ ಎಂಬ ಇನ್ನೊಂದು ಹಳದಿ ಹೂವಿನ ಬೀಜ ಹಾಕಿದೆ. ಸೂಸನ್ ನಮ್ಮಲ್ಲಿ ಧಾರಾಳವಾಗಿ ಸಿಗುವ ಗಿಡ, ಕೋನ್‌ಫ್ಲವರಿಗೆ ದಾಯಾದಿ. ಟೇಪಿನ ಮೇಲೆ ಹೆಸರು ಬರೆದು ಅಂಟಿಸಿದೆ. ಅಂಟಿಸಿದ್ದು ಮುಚ್ಚಳಕ್ಕೆ.

ನಮ್ಮ ಮನೆಗಳ ಮೊಸರಿನ ಡಬ್ಬಿಗಳ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಸಂಕ್ರಾಂತಿ ಬಂತು. ಹನ್ನೆರಡು ಮನೆಗೆ ಎಳ್ಳು ಬೀರುವುದಿತ್ತು. ಪಕ್ಕದ ಮನೆಯ ಶಾಂತಕ್ಕ ಸಹಾಯಕ್ಕೆ ಬಂದರು. ಹುಬ್ಬಳ್ಳಿ ಕಡೆಯವರು, ಕೈ ಮತ್ತು ಬಾಯಿ ಎರಡೂ ಚುರುಕು. ಅವರು ಕೊಬ್ಬರಿ ಹೆಚ್ಚಿದರು, ನಾನು ಬೆಲ್ಲ. ಕೌಂಟರ್ ತುಂಬ ಡಬ್ಬಿಗಳು. ಆ ಗಡಿಬಿಡಿಯಲ್ಲೇ, ಬೀಜದ ಮರಳು ಒಣಗಿದೆಯೋ ಏನೋ ಎಂದು ಎರಡು ಡಬ್ಬಿಗಳನ್ನೂ ತೆಗೆದು ಮುಚ್ಚಳ ಬಿಚ್ಚಿ ನೀರು ಚಿಮುಕಿಸಿದೆ. ಊರಿನಿಂದ ಅಮ್ಮನ ಫೋನ್ ಬಂತು. ಮಾತಾಡಿ ಬರುವಷ್ಟರಲ್ಲಿ ಶಾಂತಕ್ಕ ಎಲ್ಲಾ ಡಬ್ಬಿಗೂ ಮುಚ್ಚಳ ಒತ್ತಿ, ಕೌಂಟರ್ ಒರೆಸಿ, ಮರಳಿನ ಡಬ್ಬಿಗಳನ್ನು ಫ್ರಿಜ್ಜಿಗೆ ವಾಪಸ್ ಇಟ್ಟಿದ್ದರು. ಎಳ್ಳಿನ ಡಬ್ಬಿಗೆ ಬೀಜದ ಮುಚ್ಚಳ ಹೋಗಿದ್ದರೆ ಅವತ್ತೇ ತಿಳಿಯುತ್ತಿತ್ತು. ಅದಲುಬದಲಾದದ್ದು ಆ ಎರಡು ಡಬ್ಬಿಗಳ ಮುಚ್ಚಳಗಳೇ. ತಪ್ಪು ಅವರದಲ್ಲ. ಮುಚ್ಚಳದ ಮೇಲೆ ಬರೆದವಳು ನಾನು.

ಮಾರ್ಚಿನಲ್ಲಿ ಬಿತ್ತಿದೆವು. "ಕ್ರ್ಯಾನ್‌ಬರಿ" ಎಂಬ ಟ್ರೇಗಳಿಗೆ ಗ್ರೀನ್‌ಹೌಸಿನ ಒಳ್ಳೆಯ ಬೆಂಚು. "ಸೂಸನ್" ಟ್ರೇಗಳು ಬಾಗಿಲ ಬಳಿ, ಗಾಳಿ ಬೀಸುವ ಕಡೆ. ಸಸಿಗಳು ದೊಡ್ಡವಾದ ಮೇಲೆ ಸೂಸನ್‌ಗಳನ್ನು ಕುಂಡಕ್ಕೆ ಹಾಕಿ ಶನಿವಾರದ ಸೇಲ್ ಬೆಂಚಿಗೆ ಸಾಗಿಸಿಬಿಟ್ಟೆವು.

ಜೂನ್ ತಿಂಗಳ ಒಂದು ಶುಕ್ರವಾರ ಕ್ಯಾರಲ್ "ಕ್ರ್ಯಾನ್‌ಬರಿ" ಸಸಿಯ ಕಾಂಡವನ್ನು ಹೆಬ್ಬೆರಳಿನಿಂದ ಸವರಿ ನನ್ನನ್ನು ಕರೆದರು. ನನ್ನ ಬೆರಳನ್ನೂ ಹಿಡಿದು ಸವರಿಸಿದರು. ಮುಳ್ಳುಸೌತೆಯ ಎಳೆ ಕಾಯಿಯ ಹಾಗೆ ಒರಟು. ಕಟ್‌ಲೀಫ್‌ನ ಕಾಂಡ ನುಣುಪಾಗಿರಬೇಕು. ನಾವು ಅಕ್ಟೋಬರಿನಲ್ಲಿ ತಪ್ಪು ಗಿಡದ ಬೀಜ ತಂದಿದ್ದೇವೆ ಎಂದರು ಅವರು. ಒಣಗಿದ ಮೇಲೆ ಎಲ್ಲವೂ ಒಂದೇ ಕಂದು, ಇದು ನನ್ನ ತಪ್ಪೂ ಹೌದು, ನಾಳೆ ಇದನ್ನೆಲ್ಲ ಗೊಬ್ಬರದ ಗುಡ್ಡೆಗೆ ಹಾಕು, ಸೋಮವಾರ ವೇರ್‌ಹೌಸಿನವರಿಗೆ ಫೋನ್ ಮಾಡಿ ನಮ್ಮಿಂದಾಗುವುದಿಲ್ಲ ಎಂದು ಹೇಳುತ್ತೇನೆ ಎಂದರು. ಹಳ್ಳದ ದಂಡೆಯನ್ನು ಆಗಲೇ ಬುಲ್ಡೋಜರ್ ಸಪಾಟು ಮಾಡಿತ್ತು. ಮತ್ತೆ ಹೋಗಿ ತರೋಣ ಎನ್ನುವಂತಿರಲಿಲ್ಲ.

ಮನೆಗೆ ಬಂದು, ಸಾರಿಗೆ ಒಗ್ಗರಣೆ ಹಾಕಿ, ಸುಮ್ಮನೆ ನೋಟ್‌ಬುಕ್ ತೆರೆದೆ. ಏಪ್ರಿಲ್ ತಿಂಗಳ ಪುಟದಲ್ಲಿ "ಸೂಸನ್" ಎಂಬ ಹೆಸರಿನ ಕೆಳಗೆ ನನ್ನದೇ ಚಿತ್ರ. ಎಲೆ ಮೂರಾಗಿ ಸೀಳಿ, ಅದರ ಒಂದು ಭಾಗ ಮತ್ತೆ ಸೀಳುವುದಕ್ಕೆ ಹೊರಟಿದೆ. ಕಾಂಡದ ಮೇಲೆ ಒಂದು ರೋಮವನ್ನೂ ಬರೆದಿಲ್ಲ. ಬದಿಯಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರ, "ಬೂದುಗುಂಬಳದ ಮೇಲಿರುವಂಥ ಬಿಳಿ ಬೂದಿ, ಒರೆಸಿದರೆ ಹೋಗುತ್ತೆ." ಸೂಸನ್‌ನ ಕಾಂಡಕ್ಕೆ ಬೂದಿ ಎಲ್ಲಿಂದ ಬಂತು? ಚಿತ್ರ ಸರಿಯಾಗಿತ್ತು. ಟ್ರೇಯ ಲೇಬಲ್ ನೋಡಿ ಹೆಸರನ್ನು ಮೊದಲೇ ಬರೆದಿದ್ದೆ. ಸಿಸ್ಟರ್ ಬೆನಿಟಾ ಇದ್ದಿದ್ದರೆ ಎರಡಲ್ಲ, ಹತ್ತು ಮಾರ್ಕ್ಸ್ ಕಟ್ ಮಾಡುತ್ತಿದ್ದರು. ಸಂಕ್ರಾಂತಿಯ ಕೌಂಟರ್ ಕಣ್ಣಮುಂದೆ ಬಂತು. ಸಾರು ಉಕ್ಕಿ ಒಲೆ ಆರಿತ್ತು.

ಮರುದಿನ ಶನಿವಾರ, ಸೇಲ್ ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ನಾನು ಏಳಕ್ಕೇ ಹೋಗಿ ಬೆಂಚಿನ ಮುಂದೆ ನಿಂತೆ. ಎಪ್ಪತ್ತೆರಡು ಕುಂಡ ಇಟ್ಟಿದ್ದೆವು, ಹಿಂದಿನ ಎರಡು ಶನಿವಾರ ಹೋದದ್ದು ಹೋಗಿ ಮೂವತ್ತನಾಲ್ಕು ಉಳಿದಿದ್ದವು. ಒಂದೊಂದರ ಕಾಂಡವನ್ನೂ ಸವರಿದೆ. ನುಣುಪು. ನುಣುಪು. ನುಣುಪು. ಕ್ಯಾರಲ್ ಬಂದಾಗ ಎಲ್ಲವನ್ನೂ ಹೇಳಿದೆ, ಮೊಸರಿನ ಡಬ್ಬಿ, ಎಳ್ಳು, ಅಮ್ಮನ ಫೋನ್, ಏನನ್ನೂ ಬಿಡದೆ. ಅವರು ಮಸೂರ ಹಿಡಿದು ಬಹಳ ಹೊತ್ತು ನೋಡಿದರು.

"ಲಲಿ, ಮುಚ್ಚಳಕ್ಕೆ ಕಾಲಿರುತ್ತೆ. ಡಬ್ಬಿಯ ಮೇಲೆ ಬರಿ."

ಅಷ್ಟೇ ಬೈಗುಳ. ಆಮೇಲೆ ತೀರ್ಪು ಹೇಳಿದರು. ಎಲೆಯೂ ಕಾಂಡವೂ ನನ್ನ ಮಾತನ್ನೇ ಹೇಳುತ್ತಿದ್ದವು, ಆದರೆ ಸೇಲ್ ಬೆಂಚಿನಲ್ಲಿ ಗಿರಾಕಿಗಳು ಕುಂಡ ಎತ್ತುತ್ತಾರೆ, ಎಲ್ಲೋ ಇಡುತ್ತಾರೆ, ಲೇಬಲ್ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಾರೆ. ಒಮ್ಮೆ ಹೆಸರು ತಪ್ಪಿದ ಗಿಡಕ್ಕೆ ಹೂವು ನೋಡದೆ ನಾನು ಸಹಿ ಹಾಕುವುದಿಲ್ಲ ಎಂದರು. ವೇರ್‌ಹೌಸ್ ಕಟ್ಟುವವರು ಮುಂದಿನ ವರ್ಷದ ಆಗಸ್ಟ್ ಕೊನೆಯ ತನಕ ಕಾಯಲು ಒಪ್ಪಿದರು. ಅದರೊಳಗೆ ಪ್ರತಿ ಕುಂಡವೂ ಹೂಬಿಟ್ಟು ತನ್ನ ಸಾಕ್ಷಿ ತಾನೇ ಹೇಳಬೇಕು.

ಒಂದು ವರ್ಷ ಆ ಮೂವತ್ತನಾಲ್ಕನ್ನು ಬಾಣಂತಿಯ ಹಾಗೆ ನೋಡಿಕೊಂಡೆ. ಜಿಂಕೆ ಬಾರದ ಹಾಗೆ ಬಲೆ ಕಟ್ಟಿದೆ. ಚಳಿಗಾಲಕ್ಕೆ ಒಣ ಎಲೆ ಹೊದಿಸಿದೆ. ಮೇಲಿನದೆಲ್ಲ ಒಣಗಿ ಬರೀ ಮಣ್ಣು ಕಂಡಾಗ ದಿನಕ್ಕೊಮ್ಮೆ ಹೋಗಿ ನೋಡುತ್ತಿದ್ದೆ, ನೋಡಿದರೆ ಬೇಗ ಚಿಗುರುತ್ತದೆ ಎನ್ನುವ ಹಾಗೆ. ಏಪ್ರಿಲ್‌ನಲ್ಲಿ ಎಲ್ಲವೂ ಚಿಗುರಿದವು. ಮೇ ತಿಂಗಳಲ್ಲಿ ಬಲೆಯ ಅಡಿಯಿಂದ ದೊಡ್ಡ ಹೆಗ್ಗಣದಂಥ ಒಂದು ಗ್ರೌಂಡ್‌ಹಾಗ್ ನುಗ್ಗಿ ಮೂರನ್ನು ಬೇರುಸಹಿತ ಕೆದರಿ ಮುಗಿಸಿತು. ನಾನು ಯಾರನ್ನೂ ಶಪಿಸುವವಳಲ್ಲ. ಆ ಪ್ರಾಣಿಯನ್ನು ಕನ್ನಡದಲ್ಲಿ ಶಪಿಸಿದೆ. ಉಳಿದ ಮೂವತ್ತೊಂದು ಜುಲೈ ಹೊತ್ತಿಗೆ ನನ್ನ ಭುಜದೆತ್ತರ ಬಂದವು.

ಆಗಸ್ಟಿನ ಆ ಗುರುವಾರ ಬೆಳಿಗ್ಗೆ ಕಾರ್ ನಿಲ್ಲಿಸಿ ಹಿಂದಿನ ಅಂಗಳಕ್ಕೆ ಹೋದೆ. ದೂರದಿಂದಲೇ ಹಳದಿ ಕಂಡಿತು. ಸೂಸನ್ ಆಗಿದ್ದರೆ ನಡುವೆ ಕಂದು ಕಣ್ಣು, ಸುತ್ತ ಗಿಡ್ಡ ದಳ. ಕನ್ನಡಕ ಒರೆಸಿಕೊಂಡು ನೋಡಿದೆ. ದಳಗಳು ಮಳೆಗೆ ನೆಂದ ಕೊಡೆಯ ಹಾಗೆ ಕೆಳಗೆ ಜೋತುಬಿದ್ದಿದ್ದವು, ನಡುವೆ ಹಸಿರು ಗುಬುಟು, ಅದರ ಬುಡದಲ್ಲಿ ಆಗತಾನೇ ಮೂಡಿದ ಹಳದಿ ಪುಡಿಯ ಉಂಗುರ. ಒಂದು ಜೇನುಹುಳು ಆಗಲೇ ಬಂದು ಕೂತಿತ್ತು, ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

ಹತ್ತು ಗಂಟೆಗೆ ಪಿಸ್ಕಾಟವೇಯ ಯೂನಿವರ್ಸಿಟಿ ಕ್ಯಾಂಪಸ್ಸಿನಿಂದ ಕ್ಯಾರಲ್ ಕರೆಸಿದ್ದ ಸಸ್ಯಶಾಸ್ತ್ರದ ಯುವತಿ ಬಂದಳು. ಒಂದೊಂದು ಕುಂಡದ ಮುಂದೆ ಮಂಡಿಯೂರಿ ಕಾಂಡ ಸವರಿ, ಎಲೆ ತಿರುಗಿಸಿ, ಹೂವಿನೊಳಗೆ ಮಸೂರ ಹಿಡಿದು ನೋಡಿ, "yes" ಎನ್ನುವಳು. ಕ್ಯಾರಲ್ ಗೀಟು ಹಾಕುವರು. ನಾನು ಹಿಂದೆ ಕೈಕಟ್ಟಿ ನಿಂತಿದ್ದೆ. ಹದಿನೇಳನೆಯ ಕುಂಡದ ಮುಂದೆ ಅವಳು ಸ್ವಲ್ಪ ಹೆಚ್ಚು ಹೊತ್ತು ಕೂತಾಗ ನಾನು ಒಂದು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದೆ. ಹೂವಿನ ಮೇಲಿದ್ದ ಒಂದು ಜೇಡ ಸರಿದು ಹೋಗಲಿ ಎಂದು ಕಾಯುತ್ತಿದ್ದಳಂತೆ. ಮೂವತ್ತು ಸಲ "yes." ಮೂವತ್ತೊಂದನೆಯದರ ಮೊಗ್ಗು ಇನ್ನೂ ಬಿಗಿಯಾಗಿತ್ತು. ಕ್ಯಾರಲ್ ಅದನ್ನು ಸಾಲಿನಿಂದ ಆಚೆ ಇಟ್ಟರು. ಇದು ಅರಳುವ ತನಕ ಯಾರದೂ ಅಲ್ಲ, ನಿನ್ನ ಮನೆಗೆ ತಗೊಂಡು ಹೋಗು ಎಂದರು. ಹತ್ತು ದಿನದ ನಂತರ ನಮ್ಮ ಹಿತ್ತಿಲಲ್ಲಿ ಅದೂ ಅರಳಿತು, ಹಸಿರು ಗುಬುಟಿನೊಂದಿಗೆ.

ಆ ಹುಡುಗಿ ಹೋದ ಮೇಲೆ ಕ್ಯಾರಲ್ ಮೂವತ್ತು ಹೊಸ ಲೇಬಲ್ ತಂದು ಮಾರ್ಕರನ್ನು ನನ್ನ ಕೈಗೆ ಕೊಟ್ಟರು. "ಹೂವು ನೋಡಿದೆಯಲ್ಲ, ಈಗ ಹೆಸರು ಬರಿ." ಮೂವತ್ತರ ಮೇಲೂ ನಾನೇ ಬರೆದೆ. ಗಿಡದ ಹೆಸರು, ಕೆಳಗೆ ಹಳ್ಳದ ಹೆಸರು. ಬರೆದು ಮುಗಿಸಿ ತಲೆ ಎತ್ತಿದರೆ ಪಕ್ಕದಲ್ಲಿ ಥರ್ಮಾಸಿನ ಮುಚ್ಚಳದ ತುಂಬ ಕಾಫಿ ಇತ್ತು. ಅದು ಐದನೆಯದು.

ಸೆಪ್ಟೆಂಬರಿನಲ್ಲಿ ಮೂವತ್ತನ್ನೂ ಆ ದಂಡೆಗೆ ನೆಟ್ಟೆವು. ಒಂದು ಕಡೆ ವೇರ್‌ಹೌಸಿನ ಬಿಳಿ ಗೋಡೆ, ಟ್ರಕ್ಕುಗಳು ಹಿಂದೆ ಬರುವಾಗಿನ ಬೀಪ್ ಬೀಪ್, ಇನ್ನೊಂದು ಕಡೆ ಅದೇ ಹಳ್ಳದ ಅದೇ ನೀರು. ಮರುವರ್ಷ ನಾನು ನಿವೃತ್ತಳಾದೆ. ಈಗಲೂ ಆಗಸ್ಟಿನಲ್ಲಿ ನಮ್ಮ ಮನೆಯವರನ್ನು ಒತ್ತಾಯ ಮಾಡಿ ಅಲ್ಲಿಗೆ ಡ್ರೈವ್ ಮಾಡಿಸಿಕೊಂಡು ಹೋಗುತ್ತೇನೆ. ಮೂವತ್ತು ನೆಟ್ಟದ್ದು ಈಗ ಎಣಿಸಲಿಕ್ಕೆ ಆಗುವುದಿಲ್ಲ, ಒಂದರೊಳಗೊಂದು ಹೆಣೆದುಕೊಂಡಿವೆ. ಗೋಲ್ಡ್‌ಫಿಂಚ್‌ಗಳೂ ವಿಳಾಸ ಹುಡುಕಿಕೊಂಡು ಬಂದಿವೆ.

ಆ ಗುರುವಾರದ ಸಂಜೆಯದು ಒಂದು ಮಾತು ಉಳಿಯಿತು. ಮನೆಗೆ ಬಂದವಳು ಖಾಲಿ ಬಿನ್ನುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ. ಮೂವತ್ತೊಂದನೆಯ ಕುಂಡ ಇನ್ನೂ ಕಾರಿನ ಹಿಂದಿನ ಸೀಟಿನಲ್ಲಿತ್ತು, ಸೀಟ್ ಬೆಲ್ಟ್ ಕಟ್ಟಿಕೊಂಡು. ಶಾಂತಕ್ಕ ಬೇಲಿಯ ಪಕ್ಕದಿಂದ ಬಂದರು. ಹೋದ ವಾರ ನಾನು ಕೊಟ್ಟ ಮೊಸರಿನ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದೆಂದು ಅದರ ತುಂಬ ಗೋಧಿ ಹುಗ್ಗಿ ತಂದಿದ್ದರು. ಇನ್ನೂ ಬಿಸಿ ಇತ್ತು. ಏನ್ರೀ, ಇವತ್ತು ಮುಖ ಅರಳೇದಲ್ಲ ಎಂದು ಕೇಳಿದರು. ಹೂವು ಬಿಟ್ಟಿತು ಶಾಂತಕ್ಕ ಎಂದೆ. ಸಂಕ್ರಾಂತಿಯ ಆ ಕೌಂಟರಿನ ಕಥೆಯನ್ನು ಅವರಿಗೆ ನಾನು ಎಂದೂ ಹೇಳಿರಲಿಲ್ಲ, ಅವತ್ತೂ ಹೇಳಲಿಲ್ಲ. ಛಲೋ ಆತು ಬಿಡ್ರಿ ಎಂದು ಡಬ್ಬಿಯನ್ನು ನನ್ನ ಕೈಗಿಟ್ಟು, ತಮ್ಮ ಮನೆಯ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದರು.

"ನಿಮ್ಮ ಡಬ್ಬಿ ಮುಚ್ಚಳ ಎಲ್ಲಿ ಹೋತೋ ಏನೋ, ಬ್ಯಾರೇದು ಹಾಕೇನ್ರಿ. ಎಲ್ಲಾ ಒಂದ ಇರ್ತಾವಲ್ಲ."